ಹೊಸ ಬಟನ್ ಆಮೇಲೆ, ಹಳೆಯ ದೂರು ಮೊದಲು

2003ರಲ್ಲಿ ಅಟ್ಲಾಸಿಯನ್ ಕಂಪನಿಯ ಸಾರ್ವಜನಿಕ ದೂರುಪಟ್ಟಿಯಲ್ಲಿ 1369ನೇ ಸಂಖ್ಯೆಯ ಮನವಿಯೊಂದು ದಾಖಲಾಯಿತು. ಕೇಳಿದ್ದು ತೀರಾ ಸಣ್ಣದು. ಕಚೇರಿ ಕೆಲಸಗಳ ಲೆಕ್ಕ ಇಡುವ ಕಂಪನಿಯ ಜಿರಾ ತಂತ್ರಾಂಶದಲ್ಲಿ ಒಂದು ಟಿಕೆಟ್‌ನ, ಅಂದರೆ ಒಂದು ಕೆಲಸದ ದಾಖಲೆಯ, ವಿವರವನ್ನು ಯಾರಾದರೂ ಮುಟ್ಟಿದರೆ ಸಾಕು, ಅದಕ್ಕೆ ಸಂಬಂಧಪಟ್ಟವರಿಗೆಲ್ಲ ಒಂದೊಂದು ಇಮೇಲ್ ಹೋಗುತ್ತಿತ್ತು. ಒಬ್ಬರು ಟಿಕೆಟ್ ತೆರೆದು ಮೊದಲು ಗಡುವು ಬದಲಿಸಿ, ಆಮೇಲೆ ಹೊಣೆ ಹೊತ್ತವರ ಹೆಸರು ಬದಲಿಸಿ, ಕೊನೆಗೊಂದು ಟಿಪ್ಪಣಿ ಬರೆದರೆ ಮೂರು ಇಮೇಲ್. ಈ ಸುರಿಮಳೆ ಕಡಿಮೆ ಮಾಡಿ ಎಂಬುದಷ್ಟೇ ಮನವಿಯ ಸಾರ. ಬಳಕೆದಾರರು ಒಬ್ಬೊಬ್ಬರಾಗಿ ಅದಕ್ಕೆ ತಮ್ಮ ಮತ ಸೇರಿಸುತ್ತ ಹೋದರು. ಬೆನ್ನುಬೆನ್ನಿಗೆ ನಡೆದ ಬದಲಾವಣೆಗಳನ್ನು ಒಟ್ಟು ಸೇರಿಸಿ ಒಂದೇ ಇಮೇಲ್ ಕಳಿಸುವ ವ್ಯವಸ್ಥೆ ಕೊನೆಗೂ ಬಂದದ್ದು 2019ರ ಫೆಬ್ರುವರಿಯಲ್ಲಿ, ಜಿರಾ 8.0ರ ಜೊತೆಗೆ. ನಡುವೆ ಹದಿನಾರು ವರ್ಷ ಕಳೆದಿತ್ತು.

ಆ ಹದಿನಾರು ವರ್ಷ ಕಂಪನಿಯೇನೂ ಸುಮ್ಮನೆ ಕೂತಿರಲಿಲ್ಲ. ಮೈಕ್ ಕ್ಯಾನನ್-ಬ್ರೂಕ್ಸ್ ಮತ್ತು ಸ್ಕಾಟ್ ಫರ್ಕ್ಹರ್ ಎಂಬ ಇಬ್ಬರು ಗೆಳೆಯರು 2002ರಲ್ಲಿ ಸಿಡ್ನಿಯಲ್ಲಿ ಕ್ರೆಡಿಟ್ ಕಾರ್ಡ್ ಸಾಲ ನೆಚ್ಚಿಕೊಂಡು ಶುರುಮಾಡಿದ ಸಂಸ್ಥೆ 2015ರಲ್ಲಿ ನಾಸ್ಡಾಕ್ ಷೇರುಪೇಟೆಗೆ ಬಂತು. 2017ರಲ್ಲಿ ಟ್ರೆಲ್ಲೊ ಎಂಬ ಜನಪ್ರಿಯ ತಂತ್ರಾಂಶವನ್ನು 42.5 ಕೋಟಿ ಡಾಲರ್ ಕೊಟ್ಟು ಕೊಂಡಿತು. ಬೆಂಗಳೂರಿನಲ್ಲೂ ಕಚೇರಿ ತೆರೆಯಿತು. ವರ್ಷ ವರ್ಷವೂ ಹೊಸ ಹೊಸ ಸೌಲಭ್ಯಗಳು ಬಂದವು. ಇಮೇಲ್ ಸುರಿಯುವುದು ಮಾತ್ರ ನಿಲ್ಲಲಿಲ್ಲ.

ಇದೊಂದೇ ಕಂಪನಿಯ ಕಥೆಯಾಗಿದ್ದರೆ ಪತ್ರಿಕೆಯ ಇಷ್ಟು ಜಾಗ ಅದಕ್ಕೆ ಬೇಕಿರಲಿಲ್ಲ. ಕಚೇರಿಯ ಕೆಲಸವನ್ನು ಹಂಚುವ, ಎಣಿಸುವ, ಗಡುವು ಕಾಯುವ ಇಡೀ ತಂತ್ರಾಂಶ ಕುಲಕ್ಕೆ ಹತ್ತಿರುವ ರೋಗವಿದು. ಹೊಸ ಸೌಲಭ್ಯಕ್ಕೆ ವೇದಿಕೆ, ದೀಪ, ಚಪ್ಪಾಳೆ. ದುರಸ್ತಿಗೆ ಬಿಡುಗಡೆ ಟಿಪ್ಪಣಿಯ ಕಟ್ಟಕಡೆಯ ಸಾಲು. ದಿನಕ್ಕೆ ಎಂಟು ಗಂಟೆ ಈ ಪರದೆಯ ಮುಂದೆ ಕೂರುವವರ ದೃಷ್ಟಿಯಿಂದ ನೋಡಿದರೆ ಈ ಕ್ರಮ ತಲೆಕೆಳಗಾಗಬೇಕು. ದುರಸ್ತಿ ಮೊದಲು ಬರಬೇಕು, ಕೇಳದೆಯೇ ಬರಬೇಕು, ಪ್ರತ್ಯೇಕವಾಗಿ ಬರಬೇಕು. ಹೊಸ ಸೌಲಭ್ಯವನ್ನು ಯಾವಾಗ ಮನೆಯೊಳಗೆ ಬಿಟ್ಟುಕೊಳ್ಳಬೇಕು ಎಂಬುದು ಹಣ ಕೊಟ್ಟವರ ತೀರ್ಮಾನವಾಗಬೇಕು.

ಬೆಂಗಳೂರಿನ ಓದುಗರಿಗೆ ಈ ತಂತ್ರಾಂಶಗಳ ಪರಿಚಯ ಹೇಳಬೇಕಾಗಿಲ್ಲ. ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗ್ ಎಂದರೆ ಎಲ್ಲರೂ ಒಂದು ಬೋರ್ಡ್ ನೋಡುತ್ತ ತಮ್ಮ ತಮ್ಮ ಟಿಕೆಟ್ ಎಲ್ಲಿಗೆ ಬಂತು ಎಂದು ಹೇಳುವುದು. ‘ಟಿಕೆಟ್ ರೈಸ್ ಮಾಡಿ’, ‘ಅದು ಬ್ಯಾಕ್‌ಲಾಗ್‌ನಲ್ಲಿದೆ’, ‘ಈ ಸ್ಪ್ರಿಂಟ್‌ನಲ್ಲಿ ಆಗಲ್ಲ’ ಎಂಬ ಮಾತುಗಳು ಆಫೀಸು ದಾಟಿ ಮನೆಯ ಅಡುಗೆಮನೆಗೂ ಬಂದಿವೆ. ಅಂಕಣ ಅಂಕಣವಾಗಿ ಕಾರ್ಡ್ ಜರುಗಿಸುವ ಆ ಬೋರ್ಡಿನ ಮೂಲ ಜಪಾನಿನ ಟೊಯೊಟಾ ಕಾರ್ಖಾನೆ. ಮುಂದಿನ ಹಂತಕ್ಕೆ ಭಾಗಗಳು ಬೇಕಾದಾಗಷ್ಟೇ ಹಿಂದಿನ ಹಂತ ಅವನ್ನು ತಯಾರಿಸಲಿ ಎಂದು ತೈಚಿ ಓನೊ ರೂಢಿಗೆ ತಂದ ಕಾನ್‌ಬಾನ್ ಕಾರ್ಡ್ ಅದು. ಬಿಡದಿಯಲ್ಲಿ 1999ರಿಂದ ವಾಹನ ತಯಾರಿಸುತ್ತಿರುವ ಟೊಯೊಟಾ ಕಿರ್ಲೋಸ್ಕರ್ ಕೂಡ ಅದೇ ಉತ್ಪಾದನಾ ಪದ್ಧತಿಯ ಕೂಸು. ಅಂದರೆ ರಾಮನಗರದ ಹಾದಿಯ ಕಾರ್ಖಾನೆಗೂ ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಚೇರಿಗೂ ಒಂದೇ ಕಾರ್ಡಿನ ನಂಟು.

ಆ ನಂಟಿನಲ್ಲಿ ಮರೆತುಹೋದ ಒಂದು ಪಾಠವಿದೆ. ಟೊಯೊಟಾ ಪದ್ಧತಿಯಲ್ಲಿ ದೋಷ ಕಂಡ ಕೆಲಸಗಾರ ಹಗ್ಗ ಎಳೆಯಬಹುದು. ಮೇಲ್ವಿಚಾರಕರು ಓಡಿ ಬರುತ್ತಾರೆ. ಅಲ್ಲೇ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ದೋಷವನ್ನು ಮುಂದಿನವರ ತಲೆಗೆ ಕಟ್ಟುವಂತಿಲ್ಲ. ತಂತ್ರಾಂಶದವರು ಕಾರ್ಡನ್ನು ಎರವಲು ಪಡೆದರು, ಹಗ್ಗವನ್ನು ಅಲ್ಲೇ ಬಿಟ್ಟು ಬಂದರು.

ಒಳ್ಳೆಯ ದುರಸ್ತಿ ಹೇಗಿರುತ್ತದೆ ಎಂಬುದಕ್ಕೆ ಜಿರಾದ ಒಳಗೇ ಒಂದು ಚೆಂದದ ಉದಾಹರಣೆಯಿದೆ. ಬ್ಯಾಕ್‌ಲಾಗ್‌ನಲ್ಲಿ, ಅಂದರೆ ಬಾಕಿ ಕೆಲಸಗಳ ಸಾಲಿನಲ್ಲಿ, ನೂರಾರು ಟಿಕೆಟ್‌ಗಳು ಒಂದರ ಕೆಳಗೊಂದು ಇರುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಎಳೆದು ಮೇಲೆ ಕೆಳಗೆ ಇಡುವುದು ದಿನದ ಕೆಲಸ. ಹಿಂದಿನ ವಿಧಾನದಲ್ಲಿ ಪ್ರತಿ ಟಿಕೆಟ್‌ಗೂ ತನ್ನ ಮುಂದಿನದು ಯಾವುದು ಎಂಬ ಗುರುತು ಇರುತ್ತಿತ್ತು, ಸರಪಳಿಯ ಕೊಂಡಿಗಳ ಹಾಗೆ. ಒಂದನ್ನು ಸರಿಸಿದರೆ ಅಕ್ಕಪಕ್ಕದ ಕೊಂಡಿಗಳನ್ನೂ ತಿದ್ದಬೇಕು. ಇಬ್ಬರು ಒಂದೇ ಹೊತ್ತಿಗೆ ಎಳೆದರೆ ಒಬ್ಬರ ತಿದ್ದುಪಡಿ ಇನ್ನೊಬ್ಬರದಕ್ಕೆ ಅಡ್ಡ ಬರುತ್ತದೆ. ಇದರ ಬದಲಿಗೆ ಲೆಕ್ಸೊರ‍್ಯಾಂಕ್ ಎಂಬ ವಿಧಾನ ಬಂತು. ಪ್ರತಿ ಟಿಕೆಟ್‌ಗೂ ಅಕ್ಷರಗಳ ಒಂದು ಪಟ್ಟಿ ಕೊಟ್ಟು, ನಿಘಂಟಿನ ಕ್ರಮದಲ್ಲಿ ಜೋಡಿಸುವುದೇ ಅದರ ಉಪಾಯ. ‘ಕ’ ಮತ್ತು ‘ಗ’ ನಡುವೆ ಹೊಸ ಟಿಕೆಟ್ ಬಂದರೆ ಅದಕ್ಕೆ ‘ಖ’. ‘ಕ’ ಮತ್ತು ‘ಖ’ ನಡುವೆ ಬಂದರೆ ‘ಕಮ’. ಸರಿಸಿದ ಟಿಕೆಟ್ ಒಂದನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಕಾಗಿಲ್ಲ. ನಡುನಡುವೆ ಸೇರಿಸುತ್ತ ಹೋದಂತೆ ಪಟ್ಟಿಗಳು ಉದ್ದವಾಗುತ್ತವೆ. ಆಗ ತಂತ್ರಾಂಶವೇ ಎಲ್ಲಕ್ಕೂ ಹೊಸ ಚಿಕ್ಕ ಪಟ್ಟಿ ಹಂಚುತ್ತದೆ. ಅದು ನಡೆಯುತ್ತಿರುವಾಗಲೂ ಜನ ಕೆಲಸ ಮಾಡುತ್ತಲೇ ಇರುತ್ತಾರೆ. ಬಳಸುವವರಿಗೆ ಇದರ ಹೆಸರೂ ಗೊತ್ತಿರುವುದಿಲ್ಲ. ಕಾರ್ಡ್ ಎಳೆದ ಜಾಗದಲ್ಲಿ ನಿಲ್ಲುತ್ತದೆ, ಅಷ್ಟು ಸಾಕು. ಇಂಥ ಕೆಲಸ ಮಾಡುವ ಎಂಜಿನಿಯರ್‌ಗಳಿಗೆ ಸಮ್ಮೇಳನದ ವೇದಿಕೆಯಲ್ಲಿ ಮೊದಲ ಸಾಲಿನ ಕುರ್ಚಿ ಸಿಗಬೇಕು.

ಸಿಗುವುದು ಮಾತ್ರ ಬೇರೆಯವಕ್ಕೆ. 2024ರಲ್ಲಿ ಅಟ್ಲಾಸಿಯನ್ ತನ್ನ ಜಿರಾ ಸಾಫ್ಟ್‌ವೇರ್ ಮತ್ತು ಜಿರಾ ವರ್ಕ್ ಮ್ಯಾನೇಜ್‌ಮೆಂಟ್ ಎಂಬ ಎರಡು ಸರಕುಗಳನ್ನು ಒಂದಾಗಿಸಿತು. ಎಂಜಿನಿಯರ್‌ಗಳಿಗೊಂದು, ಮಾರ್ಕೆಟಿಂಗ್ ಮತ್ತು ಎಚ್‌ಆರ್ ವಿಭಾಗಕ್ಕೊಂದು ಎಂಬ ಭೇದ ಹೋದದ್ದು ನಿಜಕ್ಕೂ ಒಳ್ಳೆಯ ಬದಲಾವಣೆ. ಒಂದೇ ಕಂಪನಿಯ ಎರಡು ವಿಭಾಗಗಳು ಎರಡು ಕಡೆ ಲೆಕ್ಕ ಇಡುವ ತಾಪತ್ರಯ ಅದರಿಂದ ತಪ್ಪಿತು. ಇದರ ಬೆನ್ನಿಗೇ ‘ಇಶ್ಯೂ’ ಎಂದು ಇಪ್ಪತ್ತು ವರ್ಷ ಕರೆದದ್ದನ್ನು ‘ವರ್ಕ್ ಐಟಂ’ ಎಂದು ಕರೆಯುವ ಬದಲಾವಣೆ ಬಂತು. ಪರದೆಯ ಎಡಬದಿ, ಮೇಲ್ತುದಿಯ ಮೆನುಗಳು ಜಾಗ ಬದಲಿಸಿದವು. ಹೊಸಬರಿಗೆ ಇವೆಲ್ಲ ಸಲೀಸಾಗಿರಬಹುದು. ಆದರೆ ನೂರು ಪುಟದ ತರಬೇತಿ ಕೈಪಿಡಿ ಬರೆದಿಟ್ಟುಕೊಂಡ ತಂಡ ಅದರ ಪ್ರತಿ ಚಿತ್ರವನ್ನೂ ಮತ್ತೆ ತೆಗೆಯಬೇಕು. ‘ಎಡಗಡೆ ಮೂರನೆಯದನ್ನು ಒತ್ತಿ’ ಎಂದು ಹೇಳಿಕೊಟ್ಟಿದ್ದ ಹಿರಿಯ ಸಹೋದ್ಯೋಗಿ ಮತ್ತೆ ಎಲ್ಲರಿಗೂ ಹೇಳಿಕೊಡಬೇಕು. ಆ ಗಂಟೆಗಳ ಬಿಲ್ಲನ್ನು ಯಾರೂ ಅಟ್ಲಾಸಿಯನ್‌ಗೆ ಕಳಿಸುವುದಿಲ್ಲ.

ಕೆಲವು ‘ಅಪ್‌ಡೇಟ್’ಗಳು ಸೌಲಭ್ಯವೂ ಅಲ್ಲ, ದುರಸ್ತಿಯೂ ಅಲ್ಲ, ಬರೀ ಕತ್ತರಿ. ಜಿರಾದಲ್ಲಿ ಆಟೊಮೇಷನ್ ಎಂಬ ಉಪಯುಕ್ತ ವ್ಯವಸ್ಥೆಯಿದೆ: ಟಿಕೆಟ್ ಮುಗಿದರೆ ಇಂಥವರಿಗೆ ತಿಳಿಸು, ಗಡುವು ಮೀರಿದರೆ ಮೇಲಿನವರಿಗೆ ಕಳಿಸು ಎಂಬಂಥ ನಿಯಮಗಳನ್ನು ಬರೆದಿಟ್ಟರೆ ಅದು ತಾನೇ ನೋಡಿಕೊಳ್ಳುತ್ತದೆ. ಒಂದೇ ಪ್ರಾಜೆಕ್ಟ್‌ಗೆ ಸೀಮಿತವಾದ ನಿಯಮಗಳು ಮೊದಲು ಎಷ್ಟು ಸಲ ಬೇಕಾದರೂ ನಡೆಯುತ್ತಿದ್ದವು. 2023ರ ನವೆಂಬರ್‌ನಿಂದ ಅವೂ ಲೆಕ್ಕಕ್ಕೆ ಬಂದವು. ಉಚಿತ ಯೋಜನೆಗೆ ತಿಂಗಳಿಗೆ 100 ಸಲ, ಸ್ಟ್ಯಾಂಡರ್ಡ್ ಯೋಜನೆಗೆ 1,700 ಸಲ. ಅದಕ್ಕಿಂತ ಹೆಚ್ಚು ಬೇಕಾದರೆ ಪ್ರೀಮಿಯಂ. ಅದರ ಮುಂದಿನ ವರ್ಷ ಟ್ರೆಲ್ಲೊದ ಉಚಿತ ಬಳಕೆಗೂ ಹತ್ತು ಜನರ ಮಿತಿ ಬಂತು. ವ್ಯಾಪಾರ ಎಂದಮೇಲೆ ದರ ನಿಗದಿ ಮಾಡುವುದು ಕಂಪನಿಯ ಹಕ್ಕು. ಆದರೆ ಹಲವು ವರ್ಷ ‘ನಮ್ಮ ಮೇಲೆ ಬಿಡಿ’ ಎಂದು ಜನರ ಕೆಲಸದ ರೂಢಿಯನ್ನೇ ಆ ನಿಯಮಗಳ ಮೇಲೆ ಕಟ್ಟಿಸಿ, ಆಮೇಲೆ ಮೀಟರ್ ಕೂರಿಸುವುದು ನ್ಯಾಯದ ನಡೆಯಲ್ಲ. ಹನ್ನೆರಡು ಜನರ ಸಣ್ಣ ಕಚೇರಿಯೊಂದಕ್ಕೆ ತಿಂಗಳ ಕೊನೆಯ ವಾರದಲ್ಲಿ ನಿಯಮಗಳು ಸದ್ದಿಲ್ಲದೆ ನಿಂತುಹೋದರೆ, ಗಡುವು ದಾಟಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಈಗಿನ ಎಲ್ಲ ಬಿಡುಗಡೆ ಟಿಪ್ಪಣಿಗಳ ನೆತ್ತಿಯಲ್ಲಿ ಕೂತಿರುವುದು ಎಐ. ಅಟ್ಲಾಸಿಯನ್‌ನ ರೋವೊ, ಮೈಕ್ರೋಸಾಫ್ಟ್‌ನ ಕೋಪೈಲಟ್, ಅಸಾನಾ ಮತ್ತು ಮಂಡೇ ತಂತ್ರಾಂಶಗಳ ತಮ್ಮ ತಮ್ಮ ಸಹಾಯಕರು. ಉದ್ದನೆಯ ಚರ್ಚೆಯನ್ನು ನಾಲ್ಕು ಸಾಲಿಗೆ ಇಳಿಸುವುದು, ಮೀಟಿಂಗ್ ಟಿಪ್ಪಣಿಯಿಂದ ಟಿಕೆಟ್ ಮಾಡುವುದು, ಯಾವ ಕೆಲಸ ತಡವಾಗುವ ಸೂಚನೆಯಿದೆ ಎಂದು ಹೇಳುವುದು ಇವುಗಳ ಕೆಲಸ. ಇವುಗಳಲ್ಲಿ ಕೆಲವು ನಿಜಕ್ಕೂ ಸಮಯ ಉಳಿಸುತ್ತವೆ. ರಜೆ ಮುಗಿಸಿ ಬಂದವರಿಗೆ ಅರವತ್ತು ಟಿಪ್ಪಣಿಗಳ ಸಾರಾಂಶ ಒಂದು ವರವೇ ಸರಿ.

ಆದರೆ ಹೊಸ ಸೌಲಭ್ಯವೆಂದರೆ ಹೊಸ ಬಾಗಿಲು, ಬಾಗಿಲಿಗೆ ಬೀಗವೂ ಬೇಕು. ಫೇಸ್‌ಬುಕ್‌ನ ಸ್ಥಾಪಕರಲ್ಲಿ ಒಬ್ಬರಾದ ಡಸ್ಟಿನ್ ಮಾಸ್ಕೊವಿಟ್ಜ್ 2008ರಲ್ಲಿ ಕಟ್ಟಿದ ಅಸಾನಾ, 2025ರ ಮೇ ತಿಂಗಳಲ್ಲಿ ಹೊರಗಿನ ಎಐ ಸಾಧನಗಳು ತನ್ನೊಳಗಿನ ಮಾಹಿತಿಯನ್ನು ಓದಲು ಅನುಕೂಲವಾಗುವಂತೆ ಎಂಸಿಪಿ ಸರ್ವರ್ ಒಂದನ್ನು ತೆರೆಯಿತು. ಜೂನ್ ಮೊದಲ ವಾರದಲ್ಲಿ ಅದರಲ್ಲೊಂದು ದೋಷ ಕಂಡುಬಂತು. ಒಂದು ಸಂಸ್ಥೆಯ ಟಾಸ್ಕ್, ಟಿಪ್ಪಣಿ, ಕಡತಗಳ ಮಾಹಿತಿ ಅದೇ ಸರ್ವರ್ ಬಳಸುವ ಬೇರೊಂದು ಸಂಸ್ಥೆಯವರಿಗೆ ಕಾಣುವ ಸಾಧ್ಯತೆ ಅದರಿಂದ ಉಂಟಾಗಿತ್ತು. ಹೊರಗಿನವರು ನುಗ್ಗಿದ ಪ್ರಕರಣ ಇದಾಗಿರಲಿಲ್ಲ, ಒಳಗಿನ ತರ್ಕದ ತಪ್ಪು. ಸುಮಾರು ಒಂದು ಸಾವಿರ ಗ್ರಾಹಕರಿಗೆ ಇದು ಸಂಬಂಧಿಸಿತ್ತು. ಅಸಾನಾ ಆ ಸರ್ವರನ್ನು ನಿಲ್ಲಿಸಿ, ಸರಿಪಡಿಸಿ, ಜೂನ್ ಮಧ್ಯದಲ್ಲಿ ಮತ್ತೆ ತೆರೆಯಿತು. ಪ್ರಾಜೆಕ್ಟ್ ತಂತ್ರಾಂಶದಲ್ಲಿ ಇರುವುದು ಬರೀ ಗಡುವುಗಳಲ್ಲ. ಯಾವ ಗ್ರಾಹಕರಿಗೆ ಎಷ್ಟು ದರ ಹೇಳಿದ್ದೇವೆ, ಯಾರನ್ನು ಕೆಲಸದಿಂದ ತೆಗೆಯುವ ಆಲೋಚನೆಯಿದೆ, ಯಾವ ಸರಕು ಇನ್ನೂ ಗುಟ್ಟಾಗಿದೆ ಎಂಬುದೆಲ್ಲ ಅಲ್ಲಿರುತ್ತದೆ. ಅಂಥ ಜಾಗದಲ್ಲಿ ಅವಸರದ ಬಾಗಿಲು ತೆರೆಯುವುದಕ್ಕೆ ಮೊದಲು ಹತ್ತು ಸಲ ಯೋಚಿಸಬೇಕು.

ಇನ್ನು 2022ರ ಏಪ್ರಿಲ್ 5. ಕಡೆಗಣಿಸಿದ ಕೆಲಸ ಎಷ್ಟು ದುಬಾರಿಯಾಗಬಹುದು ಎಂಬುದನ್ನು ಅಟ್ಲಾಸಿಯನ್ ಜಗತ್ತಿನೆದುರು ಕಲಿತ ದಿನ. ಹಳೆಯದೊಂದು ಬಿಡಿ ಆ್ಯಪ್ ಅನ್ನು ಗ್ರಾಹಕರ ಖಾತೆಗಳಿಂದ ತೆಗೆದುಹಾಕಲು ಕಂಪನಿಯ ಒಳಗೆ ಒಂದು ಸ್ಕ್ರಿಪ್ಟ್ ನಡೆಸಬೇಕಿತ್ತು. ತೆಗೆಯಬೇಕಾದ್ದರ ಗುರುತುಸಂಖ್ಯೆಗಳನ್ನು ಒಂದು ತಂಡ ಕೊಡಬೇಕು, ಇನ್ನೊಂದು ತಂಡ ಸ್ಕ್ರಿಪ್ಟ್ ಓಡಿಸಬೇಕು. ಆ್ಯಪ್‌ನ ಸಂಖ್ಯೆ ಕೊಡುವ ಬದಲು ಆ್ಯಪ್ ಇದ್ದ ಇಡೀ ಸೈಟ್‌ನ ಸಂಖ್ಯೆ ಹೋಯಿತು. ಅಳಿಸುವ ವ್ಯವಸ್ಥೆ ಎರಡೂ ಬಗೆಯ ಸಂಖ್ಯೆಗಳನ್ನು ಒಪ್ಪಿಕೊಳ್ಳುತ್ತಿತ್ತು. ‘ನೀವು ಸೈಟನ್ನೇ ಅಳಿಸುತ್ತಿದ್ದೀರಿ’ ಎಂಬ ಎಚ್ಚರಿಕೆ ಅದರಲ್ಲಿರಲಿಲ್ಲ. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 1.08ರಿಂದ 1.31ರೊಳಗೆ, ಇಪ್ಪತ್ತಮೂರು ನಿಮಿಷದಲ್ಲಿ, 775 ಗ್ರಾಹಕರ 883 ಸೈಟ್‌ಗಳು ಅಳಿಸಿಹೋದವು.

ಆಮೇಲೆ ನಡೆದದ್ದು ಇನ್ನೂ ಕಷ್ಟದ್ದು. ಗ್ರಾಹಕರು ದೂರು ಕೊಡಲು ಹೋದರೆ ದೂರಿನ ನಮೂನೆ ಅವರ ಸೈಟ್‌ನ ವಿಳಾಸ ಕೇಳುತ್ತಿತ್ತು. ಆ ಸೈಟೇ ಅಳಿಸಿತ್ತು. ಕಂಪನಿಯೇ ಗ್ರಾಹಕರನ್ನು ಸಂಪರ್ಕಿಸೋಣವೆಂದರೆ ಸಂಪರ್ಕದ ವಿವರಗಳೂ ಸೈಟ್‌ನ ಜೊತೆಗೇ ಹೋಗಿದ್ದವು. ಬ್ಯಾಕಪ್ ಇತ್ತು. ಆದರೆ ನೂರಾರು ಸೈಟ್‌ಗಳನ್ನು, ಬೇರೆ ಗ್ರಾಹಕರ ಮಾಹಿತಿಗೆ ಧಕ್ಕೆಯಾಗದಂತೆ, ಒಟ್ಟಿಗೆ ಎತ್ತಿ ನಿಲ್ಲಿಸುವ ಅಭ್ಯಾಸ ಇರಲಿಲ್ಲ. ಮೊದಲು ಹಿಡಿದ ದಾರಿಯಲ್ಲಿ ಒಂದು ಸುತ್ತಿಗೆ ಸುಮಾರು 48 ಗಂಟೆ ಬೇಕಾಗುತ್ತಿತ್ತು. ನಡುವೆ ಇನ್ನೊಂದು ವಿಧಾನ ಕಂಡುಕೊಂಡು ಅದನ್ನು ಸುಮಾರು 12 ಗಂಟೆಗೆ ಇಳಿಸಿದರು. ಕೊನೆಯ ಗ್ರಾಹಕರಿಗೆ ಸೈಟ್ ಮರಳಿದ್ದು ಏಪ್ರಿಲ್ 18ರಂದು. ಎರಡು ವಾರ ಕೆಲವು ತಂಡಗಳಿಗೆ ತಾವು ಯಾವ ಕೆಲಸ ಮಾಡಬೇಕು ಎಂಬ ಪಟ್ಟಿಯೇ ಕೈಗೆ ಸಿಗಲಿಲ್ಲ.

ಒಂದು ಮಾತನ್ನು ಮೆಚ್ಚಿ ಹೇಳಲೇಬೇಕು. ಆ ತಿಂಗಳ ಕೊನೆಗೆ ಅಟ್ಲಾಸಿಯನ್ ಇಡೀ ಘಟನೆಯ ದೀರ್ಘ ವರದಿಯನ್ನು ಸಾರ್ವಜನಿಕವಾಗಿ ಪ್ರಕಟಿಸಿತು. ಎಲ್ಲಿ ತಪ್ಪಿದೆವು, ಗಂಟೆ ಗಂಟೆಗೆ ಏನಾಯಿತು ಎಂದು ಮುಚ್ಚುಮರೆಯಿಲ್ಲದೆ ಬರೆಯಿತು. ಅಳಿಸುವುದಕ್ಕೆ ಮೊದಲು ಎಲ್ಲವನ್ನೂ ಸ್ವಲ್ಪ ಕಾಲ ಮರೆಯಲ್ಲಿಟ್ಟು, ಬೇಕಾದರೆ ಮರಳಿ ತರುವಂತಿರಬೇಕು ಎಂಬುದು ಅದರಲ್ಲಿ ಕೊಟ್ಟ ಮೊದಲ ಭರವಸೆ. ಫೋನಿನ ಫೋಟೊ ಅಳಿಸಿದರೂ ಮೂವತ್ತು ದಿನ ಕಸದ ಬುಟ್ಟಿಯಲ್ಲಿ ಉಳಿಯುವ ಕಾಲದಲ್ಲಿ, ಒಂದು ಕಂಪನಿಯ ವರ್ಷಗಳ ದಾಖಲೆಗೆ ಆ ರಕ್ಷಣೆ ಇರಲಿಲ್ಲ. ಆ ರಕ್ಷಣೆ ಹೊಸ ಸೌಲಭ್ಯಗಳ ಯಾವ ಜಾಹೀರಾತಿನಲ್ಲೂ ಮಿಂಚುವ ಸರಕಲ್ಲ, ಅದಕ್ಕೇ ಅದರ ಸರದಿ ಬಂದಿರಲಿಲ್ಲ ಎಂದು ಊಹಿಸಿದರೆ ತಪ್ಪಾಗಲಾರದು.

ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುತ್ತಾರೆ. ಒಡೆದದ್ದನ್ನು ತೆಗೆದು, ಜಾರಿದ್ದನ್ನು ಸರಿಸಿ, ಪಕಾಸಿಗೆ ಗೆದ್ದಲು ಹಿಡಿದಿದೆಯೇ ಎಂದು ನೋಡುತ್ತಾರೆ. ಆ ಕೆಲಸ ಬಿಟ್ಟು ಮುಂಬಾಗಿಲಿಗೆ ಬಣ್ಣ ಹೊಡೆದವರನ್ನು ಊರವರು ಏನೆನ್ನುತ್ತಾರೋ ತಂತ್ರಾಂಶ ಕಂಪನಿಗಳಿಗೂ ಅದನ್ನೇ ಹೇಳಬೇಕಾಗಿದೆ.

ಹಾಗೆ ನಡೆದುಕೊಳ್ಳುವವರು ಇಲ್ಲವೆಂದಲ್ಲ. ಬೇಸ್‌ಕ್ಯಾಂಪ್ ತಯಾರಿಸುವ 37ಸಿಗ್ನಲ್ಸ್ ಎಂಬ ಅಮೆರಿಕದ ಸಣ್ಣ ಕಂಪನಿಯಲ್ಲಿ ಆರು ವಾರ ಹೊಸ ಕೆಲಸ, ಆಮೇಲೆ ಎರಡು ವಾರ ಬಿಡುವು ಎಂಬ ಕ್ರಮವಿದೆ. ಆ ಎರಡು ವಾರ ಯಾರಿಗೂ ಹೊಸ ಪ್ರಾಜೆಕ್ಟ್ ಹಂಚುವುದಿಲ್ಲ. ಎಂಜಿನಿಯರ್‌ಗಳು ತಮ್ಮ ಕಣ್ಣಿಗೆ ಬಿದ್ದ ದೋಷಗಳನ್ನು ಸರಿಪಡಿಸಬಹುದು. 2004ರ ಮೊದಲ ಬೇಸ್‌ಕ್ಯಾಂಪ್, 2012ರ ಎರಡನೆಯದು, 2015ರ ಮೂರನೆಯದು ಹೀಗೆ ಹೊಸ ಆವೃತ್ತಿ ಬಂದಾಗಲೆಲ್ಲ ಹಳೆಯದನ್ನು ಬಳಸುತ್ತಿದ್ದವರನ್ನು ಅದು ಬಲವಂತವಾಗಿ ಎಬ್ಬಿಸಲಿಲ್ಲ. ಬೇಕಾದವರು ಹಳೆಯದರಲ್ಲೇ ಇರಬಹುದು, ಇಂಟರ್ನೆಟ್ ಇರುವವರೆಗೆ ಅದನ್ನು ನಡೆಸುತ್ತೇವೆ ಎಂಬುದು ಅದರ ಘೋಷಿತ ನೀತಿ. ದೊಡ್ಡ ಕಂಪನಿಗಳಿಗೂ ಇದು ಅಸಾಧ್ಯವೇನಲ್ಲ. 2009ರಲ್ಲಿ ಆ್ಯಪಲ್ ತನ್ನ ಮ್ಯಾಕ್‌ಗಳಿಗೆ ಸ್ನೋ ಲೆಪರ್ಡ್ ಆವೃತ್ತಿ ತಂದಾಗ ‘ಹೊಸ ಸೌಲಭ್ಯ: ಸೊನ್ನೆ’ ಎಂದು ಸಮ್ಮೇಳನದ ಪರದೆಯ ಮೇಲೆ ತೋರಿಸಿ, ಒಳಗಿನ ರಿಪೇರಿಗೆ 29 ಡಾಲರ್ ಕೇಳಿತು. ಜನ ಕೊಟ್ಟರು. ಆ ಆವೃತ್ತಿಯನ್ನು ಇವತ್ತಿಗೂ ಪ್ರೀತಿಯಿಂದ ನೆನೆಯುವವರಿದ್ದಾರೆ.

ದುರಸ್ತಿಯನ್ನೂ ಸೌಲಭ್ಯವನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಕೊಡುವುದರ ನಿಜವಾದ ಅಪಾಯ ಭದ್ರತೆಗೆ ಸಂಬಂಧಿಸಿದ್ದು. ಅಪ್‌ಡೇಟ್ ಹಾಕಿದರೆ ಮೆನು ಬದಲಾಗುತ್ತದೆ, ಹಳೆಯ ಪ್ಲಗಿನ್ ಕೈಕೊಡುತ್ತದೆ ಎಂಬ ಭಯಕ್ಕೆ ಕಚೇರಿಗಳು ಅಪ್‌ಡೇಟನ್ನೇ ಮುಂದೂಡುತ್ತವೆ. ಮುಂದೂಡಿದ ಪೊಟ್ಟಣದೊಳಗೆ ಬೀಗವೂ ಇರುತ್ತದೆ. 2023ರ ಅಕ್ಟೋಬರ್‌ನಲ್ಲಿ ಜಿರಾದ ಒಡಹುಟ್ಟಿದ ಕಾನ್‌ಫ್ಲುಯೆನ್ಸ್ ತಂತ್ರಾಂಶದಲ್ಲಿ, ಹೊರಗಿನವರು ತಾವೇ ಅಡ್ಮಿನ್ ಖಾತೆ ತೆರೆದುಕೊಳ್ಳಬಹುದಾದ ದೋಷ ಬಯಲಾಯಿತು. ಅಪಾಯದ ಅಳತೆಯಲ್ಲಿ ಅದಕ್ಕೆ ಸಿಕ್ಕದ್ದು ಹತ್ತಕ್ಕೆ ಹತ್ತು. ದುರಸ್ತಿ ಬರುವುದಕ್ಕೆ ಮೊದಲೇ ದಾಳಿಕೋರರು ಅದನ್ನು ಬಳಸತೊಡಗಿದ್ದರು. ಇಂಥ ಹೊತ್ತಿನಲ್ಲಿ ಒಂದು ದಿನದ ವಿಳಂಬವೂ ದುಬಾರಿ.

ಹಾಗಾದರೆ ದುರಸ್ತಿಯಷ್ಟೇ ಕೊಡಿ, ಉಳಿದದ್ದನ್ನು ನಮ್ಮ ಅನುಕೂಲ ನೋಡಿ ತೆಗೆದುಕೊಳ್ಳುತ್ತೇವೆ ಎಂದು ಗ್ರಾಹಕ ಹೇಳಬಹುದಲ್ಲ? ಹೇಳಬಹುದು, ಹೆಚ್ಚು ಹಣ ಕೊಟ್ಟರೆ. ಜಿರಾದ ಕ್ಲೌಡ್ ಆವೃತ್ತಿಯಲ್ಲಿ ಬದಲಾವಣೆಗಳನ್ನು ತಿಂಗಳಿಗೊಮ್ಮೆ ಒಟ್ಟಿಗೆ ಪಡೆಯುವ ಆಯ್ಕೆ ಇರುವುದು ಪ್ರೀಮಿಯಂ ಮತ್ತು ಎಂಟರ್‌ಪ್ರೈಸ್ ಯೋಜನೆಯವರಿಗೆ. ಸಣ್ಣ ಕಚೇರಿಯವರ ಪರದೆ ಬುಧವಾರ ಒಂದು ರೀತಿ, ಗುರುವಾರ ಇನ್ನೊಂದು ರೀತಿ ಇದ್ದರೆ ಸಹಿಸಿಕೊಳ್ಳಬೇಕು. ಬದಲಾವಣೆಯನ್ನು ಕಲಿಯಲು ಬೇರೆ ಆಳು ಇಡಲಾಗದವರಿಗೇ ಕಾಯುವ ಹಕ್ಕಿಲ್ಲ ಎನ್ನುವುದು ಒಪ್ಪುವ ಮಾತಲ್ಲ.

ಅದಕ್ಕೂ ಮಿಗಿಲಾದದ್ದು ಬಾಗಿಲು ಮುಚ್ಚುವ ಅಪ್‌ಡೇಟ್. ತಮ್ಮದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ನಡೆಸುವ ಜಿರಾ ಸರ್ವರ್ ಆವೃತ್ತಿಗೆ 2024ರ ಫೆಬ್ರುವರಿ 15ರಂದು ಅಟ್ಲಾಸಿಯನ್ ಬೆಂಬಲ ನಿಲ್ಲಿಸಿತು. ಭದ್ರತೆಯ ದುರಸ್ತಿಯೂ ಇಲ್ಲ. ಉಳಿದದ್ದು ಕ್ಲೌಡ್, ಇಲ್ಲವೇ ದೊಡ್ಡ ಸಂಸ್ಥೆಗಳು ತಾವೇ ನಡೆಸುವ ಡೇಟಾ ಸೆಂಟರ್ ಆವೃತ್ತಿ. ಡೇಟಾ ಸೆಂಟರ್ ಪರವಾನಗಿಯ ಕನಿಷ್ಠ ಮಟ್ಟ ಶುರುವಾಗುವುದೇ 500 ಜನರಿಂದ. ಇಪ್ಪತ್ತೈದು ಜನರ ಸಂಸ್ಥೆಗೆ ಅದು ಎಟುಕುವ ಮಾತೇ? ಈಗ ಆ ಡೇಟಾ ಸೆಂಟರ್‌ಗೂ 2029ರ ಮಾರ್ಚ್ 28 ಕೊನೆಯ ದಿನ ಎಂದು ಕಂಪನಿ ಸಾರಿದೆ. ಮೈಕ್ರೋಸಾಫ್ಟ್ ತನ್ನ ಪ್ರಾಜೆಕ್ಟ್ ಆನ್‌ಲೈನ್ ಸೇವೆಗೆ 2026ರ ಸೆಪ್ಟೆಂಬರ್ 30ರ ಗಡುವು ಕೊಟ್ಟು, ಬಳಕೆದಾರರು ಪ್ಲ್ಯಾನರ್ ಅಥವಾ ಬೇರೆ ದಾರಿ ನೋಡಿಕೊಳ್ಳಲಿ ಎಂದಿದೆ. 1984ರಲ್ಲಿ ಡಾಸ್ ಕಾಲದಲ್ಲಿ ಹುಟ್ಟಿದ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನ ಕಡತಗಳನ್ನು ಇವತ್ತಿಗೂ ಕಾಪಾಡಿಕೊಂಡಿರುವ ಕಟ್ಟಡ ಗುತ್ತಿಗೆದಾರರಿದ್ದಾರೆ. ಹತ್ತು ವರ್ಷದ ಕಾಮಗಾರಿಯ ಲೆಕ್ಕಕ್ಕೆ ಹತ್ತು ವರ್ಷ ಬಾಳುವ ತಂತ್ರಾಂಶ ಬೇಕು ಎಂಬ ಅವರ ಬೇಡಿಕೆಯಲ್ಲಿ ಅತಿಯಾದದ್ದೇನೂ ಇಲ್ಲ.

ಕನ್ನಡದಲ್ಲಿ ಲೆಕ್ಕಪತ್ರ ಇಡುವವರ ಮಟ್ಟಿಗೆ ಈ ಚರ್ಚೆ ಇನ್ನೂ ಹತ್ತಿರದ್ದು. ಪಂಚಾಯಿತಿಯ ಕಾಮಗಾರಿ, ಸಹಕಾರ ಸಂಘದ ಗೋದಾಮು, ಊರಿನ ಗುತ್ತಿಗೆದಾರರ ಕೆಲಸದ ಪಟ್ಟಿ ಇವೆಲ್ಲ ಕನ್ನಡದಲ್ಲೇ ಇರುತ್ತವೆ. ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆದರೆ ಆಗುವುದೇನು? ಕನ್ನಡದ ಜಾಗದಲ್ಲಿ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಎ, ಅದರ ಪಕ್ಕ ಪುಟ್ಟದೊಂದು ಎರಡು, ಮತ್ತೆ ಗೀಟಿನ ಎ, ಪುಟ್ಟ ಮೂರು, ಹೀಗೆ ಸಾಲುಗಟ್ಟಲೆ. ಕನ್ನಡದ ಪ್ರತಿ ಅಕ್ಷರಚಿಹ್ನೆಗೆ ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಮೂರು ಬೈಟ್ ಬೇಕು. ಎಕ್ಸೆಲ್ ಅದನ್ನು ಯುಟಿಎಫ್-8 ಎಂದು ಗುರುತಿಸದೆ ಪ್ರತಿ ಬೈಟನ್ನೂ ಒಂದೊಂದು ಅಕ್ಷರವೆಂದು ಓದಿಬಿಡುತ್ತದೆ. ಕಡತದ ಆರಂಭದಲ್ಲಿ ಗುರುತಿನ ಮೂರು ಬೈಟ್ ಸೇರಿಸಿದರೆ ಸಮಸ್ಯೆ ಮಾಯ. ಬರೀ ಮೂರು ಬೈಟ್! ಅದನ್ನು ಸೇರಿಸದ ತಂತ್ರಾಂಶಗಳು ಇವತ್ತಿಗೂ ಮಾರುಕಟ್ಟೆಯಲ್ಲಿವೆ, ಅವುಗಳ ನೆತ್ತಿಯ ಮೇಲೂ ಎಐ ಬಟನ್ ಹೊಳೆಯುತ್ತಿರುತ್ತದೆ.

ಪಿಡಿಎಫ್‌ನದು ಇನ್ನೊಂದು ಗೋಳು. ಪರದೆಯ ಮೇಲೆ ‘ನಿರ್ಮಾಣ ಸ್ಥಳ’ ಎಂದು ಸರಿಯಾಗಿಯೇ ಕಾಣುತ್ತದೆ. ಅದನ್ನೇ ವರದಿಯಾಗಿ ಪಿಡಿಎಫ್ ಮಾಡಿದರೆ ಅರ್ಕಾವತ್ತು ‘ಮಾ’ದ ಬಲಕ್ಕೆ ಹೋಗದೆ ‘ರ’ ಎಂಬ ಬಿಡಿ ಅಕ್ಷರವಾಗಿ ಎಡಕ್ಕೇ ನಿಲ್ಲುತ್ತದೆ. ‘ಸ್ಥ’ದ ಒತ್ತು ಕೆಳಗಿಳಿಯದೆ ‘ಸ’ ಒಂದು ಕಡೆ, ‘ಥ’ ಇನ್ನೊಂದು ಕಡೆ, ನಡುವೆ ಅರ್ಧಾಕ್ಷರದ ಚಿಹ್ನೆ. ಕನ್ನಡದಂಥ ಲಿಪಿಗಳಲ್ಲಿ ಅಕ್ಷರಗಳು ಕೂಡಿಕೊಂಡು ರೂಪ ಬದಲಿಸುತ್ತವೆ. ಅದನ್ನು ಜೋಡಿಸುವ ಕೆಲಸಕ್ಕೆ ಹಾರ್ಫ್‌ಬಜ್ ಎಂಬ ಮುಕ್ತ ಸಾಧನ ಇದೆ, ಹಲವು ಬ್ರೌಸರ್‌ಗಳು ಮತ್ತು ಆ್ಯಂಡ್ರಾಯ್ಡ್ ಅದನ್ನೇ ಬಳಸುತ್ತವೆ. ಟಿಸಿಪಿಡಿಎಫ್‌ನಂಥ ಹಳೆಯ ಪಿಡಿಎಫ್ ಸಾಧನಗಳಲ್ಲಿ ಭಾರತೀಯ ಲಿಪಿಗಳನ್ನು ಹೀಗೆ ಜೋಡಿಸುವ ಶಕ್ತಿಯಿಲ್ಲ. 2006ರಿಂದ ಜಗತ್ತಿನಾದ್ಯಂತ ಬಳಕೆಯಲ್ಲಿರುವ ರೆಡ್‌ಮೈನ್ ಎಂಬ ಉಚಿತ ಪ್ರಾಜೆಕ್ಟ್ ತಂತ್ರಾಂಶ ಪಿಡಿಎಫ್‌ಗೆ ನೆಚ್ಚಿಕೊಂಡಿರುವುದು ಅದೇ ಟಿಸಿಪಿಡಿಎಫ್‌ನ ರೂಬಿ ಅವತರಣಿಕೆಯನ್ನು. ಹೀಗಾಗಿ ಕನ್ನಡದಲ್ಲಿ ಶ್ರದ್ಧೆಯಿಂದ ಲೆಕ್ಕ ಇಟ್ಟ ಕಚೇರಿ, ಬ್ಯಾಂಕಿಗೋ ಮೇಲಧಿಕಾರಿಗೋ ವರದಿ ಕೊಡುವ ಹೊತ್ತಿಗೆ ಇಂಗ್ಲಿಷ್‌ಗೆ ಶರಣಾಗುತ್ತದೆ. ಕನ್ನಡ ಆಡಳಿತ ಭಾಷೆಯಾಗಲಿ ಎಂಬ ಆದೇಶಗಳ ದಾರಿಗೆ ಅಡ್ಡ ನಿಂತಿರುವುದು ಎಷ್ಟೋ ಸಲ ಇಂಥ ಒಂದು ಒತ್ತಕ್ಷರ.

ಇದಕ್ಕೆ ಮದ್ದು ಕೊಳ್ಳುವವರ ಕೈಯಲ್ಲೂ ಇದೆ. ಸರ್ಕಾರಿ ಇಲಾಖೆಗಳು, ವಿಶ್ವವಿದ್ಯಾಲಯಗಳು, ಸಹಕಾರ ಸಂಸ್ಥೆಗಳು ತಂತ್ರಾಂಶಕ್ಕೆ ಟೆಂಡರ್ ಕರೆಯುವಾಗ ಸೌಲಭ್ಯಗಳ ಉದ್ದನೆಯ ಪಟ್ಟಿ ಕೊಡುತ್ತವೆ. ಯಾರ ಪಟ್ಟಿಯಲ್ಲಿ ಹೆಚ್ಚು ಟಿಕ್ ಬಿತ್ತೋ ಅವರಿಗೆ ಅಂಕ. ಅದೇ ಟೆಂಡರಿನಲ್ಲಿ ಬೇರೆ ಪ್ರಶ್ನೆಗಳೂ ಇರಲಿ. ಗಂಭೀರ ದೋಷ ತಿಳಿಸಿದ ಎಷ್ಟು ದಿನದಲ್ಲಿ ಸರಿಪಡಿಸುತ್ತೀರಿ? ಭದ್ರತೆಯ ದುರಸ್ತಿಯನ್ನು ಹೊಸ ಸೌಲಭ್ಯದಿಂದ ಬಿಡಿಸಿ ಕೊಡುತ್ತೀರಾ? ಈ ಆವೃತ್ತಿಯನ್ನು ಎಷ್ಟು ವರ್ಷ ನೋಡಿಕೊಳ್ಳುತ್ತೀರಿ? ಬಿಟ್ಟು ಹೋಗುವ ದಿನ ನಮ್ಮ ಎಲ್ಲ ಮಾಹಿತಿಯನ್ನು ಯಾವ ರೂಪದಲ್ಲಿ ಕೈಗಿಡುತ್ತೀರಿ? ಎಎಂಸಿ, ಅಂದರೆ ವಾರ್ಷಿಕ ನಿರ್ವಹಣಾ ಒಪ್ಪಂದ, ಎಂದು ವರ್ಷ ವರ್ಷ ಹಣ ಕಟ್ಟುವುದು ಇದಕ್ಕೇ ಆದರೂ, ಈ ಉತ್ತರಗಳು ಬರಹದಲ್ಲಿ ಇರುವ ಒಪ್ಪಂದಗಳು ಅಪರೂಪ. ಉಬುಂಟು ಲಿನಕ್ಸ್ ತನ್ನ ದೀರ್ಘಾವಧಿ ಆವೃತ್ತಿಗೆ ಐದು ವರ್ಷದ ಭದ್ರತಾ ದುರಸ್ತಿಯನ್ನು ಉಚಿತವಾಗಿಯೇ ಕೊಡುತ್ತದೆ. ಉಚಿತವಾಗಿ ಸಿಗುವ ಒಂದು ಕಾರ್ಯಾಚರಣೆ ವ್ಯವಸ್ಥೆ ಕೊಡುವ ಮಾತನ್ನು ತಲೆಗೆ ಇಷ್ಟೆಂದು ತಿಂಗಳ ಬಾಡಿಗೆ ಪಡೆಯುವ ತಂತ್ರಾಂಶಗಳಿಂದ ಕೇಳುವುದರಲ್ಲಿ ಸಂಕೋಚವೇಕೆ?

ಬೆಂಗಳೂರಿನ ತಂಡಗಳಿಗೆ ಇದರಲ್ಲಿ ವಿಶೇಷ ಪಾತ್ರವಿದೆ. ಇಲ್ಲಿನ ಎಂಜಿನಿಯರ್‌ಗಳು ಈ ತಂತ್ರಾಂಶಗಳನ್ನು ಬಳಸುವುದಷ್ಟೇ ಅಲ್ಲ, ಅವುಗಳಲ್ಲಿ ಹಲವನ್ನು ಬರೆಯುವವರೂ ಹೌದು. ತಮ್ಮ ಸ್ಪ್ರಿಂಟ್ ಹಾಕಿಕೊಳ್ಳುವಾಗ ಐದರಲ್ಲಿ ಒಂದು ಪಾಲನ್ನು ಹಳೆಯ ದೋಷಗಳಿಗೆ ಮೀಸಲಿಡುವ ತಂಡಗಳು ಈಗಾಗಲೇ ಇವೆ. ಮ್ಯಾನೇಜರ್‌ಗಳು ಆ ಪಾಲನ್ನು ತಿಂಗಳ ಕೊನೆಯ ಒತ್ತಡದಲ್ಲಿ ಕಿತ್ತುಕೊಳ್ಳದೆ ಇದ್ದರೆ ಸಾಕು. ಸಂಬಳದ ಪರಿಶೀಲನೆಯ ಹೊತ್ತಿಗೆ ‘ಹೊಸದೇನು ಬಿಡುಗಡೆ ಮಾಡಿದಿರಿ’ ಎಂದು ಕೇಳುವ ಜಾಗದಲ್ಲಿ ‘ಎಷ್ಟು ದೂರು ಮುಗಿಸಿದಿರಿ’ ಎಂಬ ಪ್ರಶ್ನೆಗೂ ಸಮನಾದ ತೂಕ ಸಿಗಲಿ. ರೆಡ್‌ಮೈನ್, ಓಪನ್‌ಪ್ರಾಜೆಕ್ಟ್‌ನಂಥ ಮುಕ್ತ ತಂತ್ರಾಂಶಗಳ ಒಳಗಿನ ಕೋಡ್ ಯಾರು ಬೇಕಾದರೂ ತೆರೆದು ನೋಡಬಹುದು. ಪಿಡಿಎಫ್‌ನ ಒತ್ತಕ್ಷರವನ್ನು ಸರಿಪಡಿಸುವುದಕ್ಕೆ ಅಮೆರಿಕದ ಕಂಪನಿಯ ಅನುಮತಿಯ ಅಗತ್ಯವಿಲ್ಲ. ಕನ್ನಡ ಓದಲು ಬರುವ, ರೂಬಿ ಬರೆಯಲು ಬರುವ ನಾಲ್ಕಾರು ಜನ ಕೈಹಾಕಬೇಕು, ಅವರ ಸಂಬಳದ ಸಮಯದಲ್ಲಿ ಒಂದಿಷ್ಟನ್ನು ಅವರ ಕಂಪನಿ ಬಿಟ್ಟುಕೊಡಬೇಕು. ಕನ್ನಡ ಅಭಿವೃದ್ಧಿಗೆಂದೇ ಇರುವ ಸರ್ಕಾರಿ ಸಂಸ್ಥೆಗಳು ಇಂಥ ಒಂದೊಂದು ದುರಸ್ತಿಗೆ ಹಣ ಕಟ್ಟಬೇಕು. ಹೊಸ ಆ್ಯಪ್ ಉದ್ಘಾಟನೆಗಿಂತ ಅದಕ್ಕೆ ತಗಲುವ ಖರ್ಚು ಕಡಿಮೆ, ಅದು ಮುಟ್ಟುವ ಕಚೇರಿಗಳು ಹೆಚ್ಚು.